ಕೌದಿಗೆ ಬಟ್ಟೆ ಕೂಡಿಸುವಾಗ ಬಣ್ಣಕ್ಕಿಂತ ನೂಲು ಮುಖ್ಯ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳೇ ಕೌದಿಯಾಗುತ್ತವೆ. ಸಿಂಥೆಟಿಕ್ ಸೀರೆಗಳು ಹೆಚ್ಚಿದ ಮೇಲೆ ಒಂದೇ ಮನೆಯಲ್ಲಿ ಇಡೀ ಕೌದಿಗಾಗುವಷ್ಟು ಹತ್ತಿ ಬಟ್ಟೆ ಸಿಗುವುದು ಕಷ್ಟ. ಹಾಗಾಗಿ ಸ್ವಸಹಾಯ ಸಂಘದ ನಾಲ್ಕಾರು ಹೆಣ್ಣುಮಕ್ಕಳು ಬಟ್ಟೆ ಕೂಡಿಸಿ ಅದಲುಬದಲು ಮಾಡಿಕೊಳ್ಳುವುದು ಒಳ್ಳೆಯ ದಾರಿ. ಆದರೆ ಬಣ್ಣಕ್ಕೆ ಮರುಳಾಗಿ ಆರಿಸಿದರೆ ಕೌದಿ ಬಾಳುವುದಿಲ್ಲ. ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಎರಡನ್ನೂ ಅಕ್ಕಪಕ್ಕ ಹಚ್ಚಿದರೆ ಹೊಲಿಗೆ ಎಳೆದುಕೊಂಡು ಸುಕ್ಕುಗಟ್ಟುತ್ತದೆ. ಅನುಮಾನವಿದ್ದರೆ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ: ಹತ್ತಿ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಇಳಕಲ್ ಸೀರೆಯ ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಇರುತ್ತದೆ. ಅದನ್ನು ಬೇರೆ ಮಾಡಿ. ಸಿಂಥೆಟಿಕ್ ಹೆಚ್ಚು ಬಾಳುತ್ತದೆ, ಬೇಗ ಒಣಗುತ್ತದೆ ಎನ್ನುವವರ ಮಾತು ನಿಜವೇ. ಅದರದೇ ಒಂದು ಕೌದಿ ಹೊಲಿದು ಹಾಸಲು ಇಟ್ಟುಕೊಳ್ಳಿ, ಬೆರೆಸಬೇಡಿ.

ಪರರು ಉಟ್ಟ ಬಟ್ಟೆ ಹೊದೆಯುವುದು ಹೇಗೆ ಎಂಬ ಹಿಂಜರಿಕೆಯೂ ಸಹಜ. ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಉಟ್ಟ ಸೀರೆಯಾದರೆ ಘಾಟು ಹೋಗುವವರೆಗೆ ಬೇರೆಯಾಗಿಯೇ ಒಗೆಯಬೇಕು. ಮೈಗೆ ತಾಗುವ ಅಸ್ತರಿಗೆ ಸ್ವಂತ ಮನೆಯ ಸೀರೆ ಬಳಸಿ, ಬದಲಾಯಿಸಿಕೊಂಡ ತುಂಡುಗಳನ್ನು ಮೇಲ್ಮುಖಕ್ಕೆ ಹಚ್ಚಿದರಾಯಿತು. ಒಳ್ಳೆಯ ಬಟ್ಟೆ ತಂದವರಿಗೆ ನಷ್ಟವಾಗದಂತೆ ಹತ್ತಿಯನ್ನು ಹತ್ತಿಗೇ ತೂಗಿ. ತಂದಷ್ಟೇ ತೂಕ ಒಯ್ಯಲಿ.

ಇನ್ನು ಹೊಲಿಗೆಗೆ ಬಂದರೆ, ಐದೂವರೆ ಮೀಟರ್ ಸೀರೆ ಸುಮಾರು 18 ಅಡಿ. ಮೂರು ಪಾಲು ಮಾಡಿದರೆ ಆರಾರು ಅಡಿಯ ಮೂರು ಪದರ: ಒಂದು ಅಸ್ತರಿಗೆ, ಎರಡು ಒಳಗೆ. ಹರಿದ ಜಾಗವಿದ್ದರೆ ಒಳಪದರಕ್ಕೆ ಹಾಕಿ, ತೇಪೆ ಕೊಡಿ. ನೆಲದ ಮೇಲೆ ಬಿಗಿಯಾಗಿ ಹಾಸಿ, ನಡುವಿನಿಂದ ಅಂಚಿನತ್ತ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟರೆ ಕೊನೆಗೆ ನಡುವೆ ಬಟ್ಟೆ ಉಬ್ಬುತ್ತದೆ. ಮೇಲಿನ ತುಂಡುಗಳನ್ನು ಮೊದಲೇ ಅಳೆದು ಕತ್ತರಿಸುವ ಅಗತ್ಯವಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಒಂದು ಮೂಲೆಯಿಂದ ಹೊರಟು ಅಂಚಿನ ಸುತ್ತ ತುಂಡು ಹಚ್ಚುತ್ತ, ಹೊಲಿಯುತ್ತ ಒಳಮುಖವಾಗಿ ಸಾಗುತ್ತಾರೆ. ಕೂಡಿಸಿದ ಬಟ್ಟೆಗೆ ಈ ಕ್ರಮವೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ನಿಲುವು, ಏಕೆಂದರೆ ಮುಂದಿನ ತುಂಡಿನ ಆಕಾರವನ್ನು ಉಳಿದ ಜಾಗವೇ ಹೇಳುತ್ತದೆ, ಸಣ್ಣ ಚೂರೂ ದಂಡವಾಗುವುದಿಲ್ಲ. ತುಂಡಿನ ಅಂಚು ಒಳಗೆ ಮಡಚಿ, ಜೋಡಿ ಹತ್ತಿ ದಾರದಲ್ಲಿ, ಸಾಲಿನಿಂದ ಸಾಲಿಗೆ ಒಂದು ಬೆರಳಗಲ ಬಿಟ್ಟು ಹೊಲಿಯಿರಿ. ನಡುವಿಗೆ ಮುಟ್ಟಿದ ಮೇಲೆ ಕಚ್ಚಾ ದಾರ ಬಿಚ್ಚಿ.