ಕೂಸಿನ ರಕ್ತನಾಳಕ್ಕೆ ಆಹಾರ: ಎಂದು ಆರಂಭಿಸಬೇಕು?

ಕಲಾ ವಿಭಾಗದ ವಿದ್ಯಾರ್ಥಿಗೆ ವೈದ್ಯಶಾಸ್ತ್ರದ ಗೊಡವೆ ಏಕೆಂದು ಮಿತ್ರರು ಕೇಳಬಹುದು. ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಪ್ರಮಾಣ, ಅನುಮಾನಗಳೆಂದು ಪಾಠ ಒಪ್ಪಿಸುತ್ತೇವಷ್ಟೆ. ಎಲ್ಲರಿಗೂ ಸರಿಯೆಂದು ತೋರಿದ ಮಾತೊಂದು ಪರೀಕ್ಷೆಗೆ ನಿಂತಾಗ ತಲೆಕೆಳಗಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ದೊರೆತಿಲ್ಲ.

ಹುಟ್ಟಿದ ಮಗುವಿನ ಕರುಳು ಕೆಲಸ ಮಾಡದಿದ್ದರೆ ಹಾಲು ಕುಡಿಸುವಂತಿಲ್ಲ. ಆಗ ಸಕ್ಕರೆ, ಅಮೈನೋ ಆಮ್ಲ, ಕೊಬ್ಬು, ಲವಣ, ಜೀವಸತ್ವಗಳನ್ನು ದ್ರವರೂಪದಲ್ಲಿ ನೇರವಾಗಿ ರಕ್ತನಾಳಕ್ಕೆ ಹರಿಸುತ್ತಾರೆ. ಅಮೆರಿಕದ ಫಿಲಡೆಲ್ಫಿಯದಲ್ಲಿ ಡಾ. ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ಮೊದಲು ಬೀಗಲ್ ನಾಯಿಮರಿಗಳನ್ನು ಈ ಕ್ರಮದಿಂದಲೇ ಬೆಳೆಸಿ ತೋರಿಸಿದರು. ಕರುಳು ಸರಿಯಾಗಿ ರೂಪುಗೊಳ್ಳದ ಹಸುಗೂಸೊಂದು ಇದೇ ಆಹಾರದಿಂದ ಬೆಳೆದ ವರದಿ 1968ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಇಂಥ ಕೂಸುಗಳು ಹಸಿವಿನಿಂದಲೇ ಸೊರಗಿ ಹೋಗುತ್ತಿದ್ದುವು.

ಹಾಗಾದರೆ ಆರಂಭ ಎಂದು? ದಿನ ತುಂಬದೆ ಹುಟ್ಟಿದ ಶಿಶುವಿನ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿದೆ. ಗರ್ಭದಲ್ಲಿ ಹೊಕ್ಕುಳ ಬಳ್ಳಿಯ ಮೂಲಕ ಎಡೆಬಿಡದೆ ಬರುತ್ತಿದ್ದ ಆಹಾರ ಹುಟ್ಟಿದ ಕ್ಷಣವೇ ನಿಂತುಹೋಗುತ್ತದೆ. ಮೈಯಲ್ಲಿ ಕೊಬ್ಬು ಕೂಡುವುದು ಬಹುಮಟ್ಟಿಗೆ ಕೊನೆಯ ಮೂರು ತಿಂಗಳಲ್ಲಿ. ಆ ತಿಂಗಳುಗಳೇ ಇದಕ್ಕೆ ದಕ್ಕಿಲ್ಲ. ಒಂದು ಕಿಲೋಗ್ರಾಂ ತೂಕದ ಶಿಶುವಿನ ದಾಸ್ತಾನು ನಾಲ್ಕೈದು ದಿನಕ್ಕೆ ತೀರುವುದೆಂದೂ, ತುಂಬು ತಿಂಗಳ ಕೂಸಿನದು ಸುಮಾರು ಒಂದು ತಿಂಗಳು ಬಾಳುವುದೆಂದೂ ಲೆಕ್ಕ ಹಾಕಿದ್ದಾರೆ. ಬರಿಯ ಗ್ಲೂಕೋಸ್ ನೀರು ಕೊಟ್ಟರೆ ಸಾಲದು. ಮೈಯ ಪ್ರೋಟೀನು ದಿನದಿನವೂ ಕರಗುತ್ತದೆ. ಆದಕಾರಣ ಬಹು ಬೇಗ ಹುಟ್ಟಿದ ಶಿಶುಗಳಿಗೆ ಮೊದಲ ದಿನವೇ ಆರಂಭಿಸುವುದು ರೂಢಿ.

ತೊಡಕಿರುವುದು ದಿನ ತುಂಬಿ ಹುಟ್ಟಿಯೂ ಕಾಯಿಲೆಯಿಂದ ಉಸಿರಾಟದ ಯಂತ್ರಕ್ಕೆ ಸೇರಿದ ಕೂಸಿನ ಬಗ್ಗೆ. ಇದಕ್ಕೂ ಬೇಗ ಆಹಾರ ಕೊಟ್ಟರೆ ಒಳಿತೆಂದು ಯಾರಿಗಾದರೂ ತೋರುತ್ತದೆ. ನಮ್ಮ ಮನೆಯ ಅಜ್ಜಿಯರೂ ಅದನ್ನೇ ಹೇಳಿಯಾರು. ಬೆಲ್ಜಿಯಂನ ಲೂವೆನ್, ನೆದರ್ಲೆಂಡ್ಸಿನ ರಾಟರ್‌ಡ್ಯಾಮ್, ಕೆನಡದ ಎಡ್ಮಂಟನ್ ನಗರಗಳಲ್ಲಿ 1440 ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲ 2016ರಲ್ಲಿ ಹೊರಬಂದಿತು. ಒಂದು ಗುಂಪಿಗೆ 24 ಗಂಟೆಗಳೊಳಗೆ ರಕ್ತನಾಳದ ಆಹಾರ ಆರಂಭ. ಇನ್ನೊಂದಕ್ಕೆ ಎಂಟನೆಯ ದಿನದವರೆಗೆ ಇಲ್ಲ. ಹೊಸ ಸೋಂಕು ತಗುಲಿದ್ದು ಬೇಗ ಪಡೆದವರಲ್ಲಿ ಶೇಕಡ 18.5, ತಡವಾಗಿ ಪಡೆದವರಲ್ಲಿ ಶೇಕಡ 10.7! ಸಾವಿನ ಪ್ರಮಾಣದಲ್ಲಿ ಭೇದ ಕಾಣಲಿಲ್ಲ. ಇವರಲ್ಲಿ 209 ಮಂದಿ ತುಂಬು ತಿಂಗಳ ನವಜಾತರು. ಅವರಲ್ಲಿಯೂ ತಡವಾಗಿ ಪಡೆದವರೇ ಬೇಗ ಚೇತರಿಸಿಕೊಂಡು ತೀವ್ರ ನಿಗಾ ವಿಭಾಗದಿಂದ ಹೊರಬಂದರು.

ತಡವೆಂದರೆ ಉಪವಾಸವಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಎರಡು ಗುಂಪಿಗೂ ಜೀವಸತ್ವಗಳು ಸಂದುವು. ಕರುಳು ತಾಳುವಷ್ಟು ಹಾಲನ್ನು ನಳಿಕೆಯಿಂದ ಕೊಟ್ಟರು. ಅಲ್ಲದೆ ತಡಮಾಡಿದ ಗುಂಪಿನಲ್ಲಿ ರಕ್ತದ ಸಕ್ಕರೆ ಕುಸಿದ ಪ್ರಸಂಗಗಳು ಹೆಚ್ಚಾಗಿದ್ದುವು. ಹಸುಗೂಸಿನ ಮಿದುಳಿಗೆ ಇದು ಸಣ್ಣ ಮಾತಲ್ಲ. ಪದೇ ಪದೇ ರಕ್ತ ಪರೀಕ್ಷಿಸುವ ಅನುಕೂಲವಿಲ್ಲದ ಆಸ್ಪತ್ರೆ ಈ ಕ್ರಮವನ್ನು ಕಣ್ಣು ಮುಚ್ಚಿ ಅನುಸರಿಸಬಾರದೆಂದೇ ನನ್ನ ಅಭಿಪ್ರಾಯ.

ಹೀಗಾಗಲು ಕಾರಣವೇನು? ಕಾಯಿಲೆಯ ಹೊತ್ತಿನಲ್ಲಿ ಜೀವಕೋಶಗಳು ತಮ್ಮೊಳಗಿನ ಹಾಳಾದ ಭಾಗಗಳನ್ನು ತಾವೇ ಅರಗಿಸಿ ಶುದ್ಧಿ ಮಾಡಿಕೊಳ್ಳುತ್ತವೆ. ಈ ಕ್ರಿಯೆಯ ರಹಸ್ಯ ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿಯವರಿಗೆ 2016ರಲ್ಲಿಯೇ ನೊಬೆಲ್ ಪಾರಿತೋಷಕ ಸಂದಿತು. ಹೇರಳ ಆಹಾರ, ಅದರಲ್ಲಿಯೂ ಅಮೈನೋ ಆಮ್ಲ, ಈ ಶುದ್ಧಿಯನ್ನು ತಡೆಯುತ್ತದೆಂದು ಸಂಶೋಧಕರ ಊಹೆ. ಕಸ ಗುಡಿಸದ ಪಡಸಾಲೆಯಲ್ಲಿ ಎಲೆ ಹಾಕಿದಂತೆ!

ತೀವ್ರ ಅಸ್ವಸ್ಥರಾದ ತುಂಬು ತಿಂಗಳ ಕೂಸುಗಳಿಗೆ ಒಂದು ವಾರ ತಡೆಯುವುದನ್ನು ಪರಿಶೀಲಿಸಬಹುದೆಂದು ಯುರೋಪಿನ ತಜ್ಞರು 2018ರಲ್ಲಿ ಸೂಚಿಸಿದರು. ಆದರೂ ಚರ್ಚೆ ಮುಗಿದಿಲ್ಲ. 209 ದೊಡ್ಡ ಸಂಖ್ಯೆಯಲ್ಲ. ಮೇಲಾಗಿ ಆ ಪರೀಕ್ಷೆ ಹೋಲಿಸಿದ್ದು ಮೊದಲ ದಿನ, ಎಂಟನೆಯ ದಿನ ಎಂಬ ಎರಡು ತುದಿಗಳನ್ನು. ಮೂರನೆಯ, ನಾಲ್ಕನೆಯ ದಿನ ಆರಂಭಿಸಿದರೆ ಏನಾಗುವುದೆಂದು ಅದು ಕೇಳಲೇ ಇಲ್ಲ.