ಮೀನಿನ ಪ್ರತಿಧ್ವನಿ

ನೆಲದ ಮೇಲೆ ಬಾಳುವ ನಾವು ಸುತ್ತಲಿನ ಸಂಗತಿಗಳನ್ನು ತಿಳಿಯಲು ಮುಖ್ಯವಾಗಿ ಬೆಳಕನ್ನು ನೆಚ್ಚಿದ್ದೇವೆ. ಹತ್ತಾರು ಮೈಲಿಯಾಚೆಯ ಬೆಟ್ಟವೂ ನಮ್ಮ ಕಣ್ಣಿಗೆ ಬೀಳುತ್ತದೆ. ಆದರೆ ಕಡಲ ನೀರಿನಲ್ಲಿ ಬೆಳಕಿಗೆ ಈ ಸಾಮರ್ಥ್ಯವಿಲ್ಲ. ನೀರು ಅದನ್ನು ಹೀರಿಕೊಳ್ಳುತ್ತದೆ. ನೀರಿನಲ್ಲಿ ತೇಲುವ ಮಣ್ಣಿನ ಕಣಗಳೂ ಸೂಕ್ಷ್ಮಜೀವಿಗಳೂ ಅದನ್ನು ಚೆದರಿಸುತ್ತವೆ. ಹೊಳೆಗಳು ಬಂದು ಸೇರುವ ಕರಾವಳಿಯ ಕದಡಿದ ನೀರಿನಲ್ಲಂತೂ ಕೆಲವೇ ಮೀಟರುಗಳ ಆಚೆ ಏನೂ ಕಾಣದು. ಶಬ್ದದ ಸ್ಥಿತಿ ಇದಕ್ಕೆ ವಿಪರೀತ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುವ ಶಬ್ದ ನೀರಿನಲ್ಲಿ ಸುಮಾರು ೧,೫೦೦ ಮೀಟರು ಸಾಗುತ್ತದೆ. ಬೆಳಕು ಸೋತು ನಿಂತ ಎಡೆಯನ್ನು ದಾಟಿ ಬಹುದೂರ ಹೋಗುತ್ತದೆ. ಆದುದರಿಂದ ಕಡಲಿನೊಳಗನ್ನು ನೋಡಬೇಕೆನ್ನುವವನು ಕೇಳುವುದನ್ನು ಕಲಿಯಬೇಕು.

ನಮ್ಮ ಕರಾವಳಿಯ ಮೀನುಗಾರರು ತಲೆತಲಾಂತರದಿಂದ ಮೇಲೆ ಕಾಣುವ ಕುರುಹುಗಳಿಂದ ಮೀನಿನ ಗುಂಪನ್ನು ಗುರುತಿಸುತ್ತ ಬಂದವರು. ನೀರಿನ ಬಣ್ಣ ಬದಲಾಗುವುದು, ಹಕ್ಕಿಗಳು ಒಂದೆಡೆ ಮುತ್ತಿ ಎರಗುವುದು, ಮೇಲ್ಮೈಯಲ್ಲಿ ನಿರಿಗೆ ಏಳುವುದು, ಕತ್ತಲ ರಾತ್ರಿಯಲ್ಲಿ ಮೀನು ಚಲಿಸಿದೆಡೆ ನೀರು ಮಿನುಗುವುದು, ಇವೆಲ್ಲ ಅಂಥ ಕುರುಹುಗಳು. ಬೂತಾಯಿ, ಬಂಗುಡೆ ಮೇಲಕ್ಕೆ ಬಂದಾಗ ಈ ವಿದ್ಯೆ ಇಂದಿಗೂ ಸಲ್ಲುತ್ತದೆ. ಆದರೆ ಗುಂಪು ಇಪ್ಪತ್ತು ಮೀಟರು ಕೆಳಗಿದ್ದರೆ? ಸಣ್ಣ ದೋಣಿಯವನ ಬಳಿ ಇರುವ ಇಂಧನ ಅಳತೆಯದು. ಮೀನಿಲ್ಲದ ಕಡೆ ಬಲೆ ಬಿಟ್ಟರೆ ಎಣ್ಣೆಯೂ ಹೋಯಿತು, ದಿನವೂ ಹೋಯಿತು. ಇಂಥವನಿಗೆ ನೆರವಾಗುವ ಉಪಕರಣವೇ ಮೀನುಶೋಧಕ. ಬಂದರುಗಳಲ್ಲಿ ಫಿಶ್‌ಫೈಂಡರ್ ಎಂದೇ ಅದರ ಹೆಸರು. ಅದು ಮೀನನ್ನು ತೋರಿಸುತ್ತದೆ ಎಂದು ಹೇಳುವುದು ರೂಢಿ. ಈ ಮಾತು ಪೂರ್ತಿ ನಿಜವಲ್ಲ. ಅದು ಅಳೆಯುವುದೇನನ್ನು ಎಂಬುದನ್ನು ಬಲ್ಲವನಿಗೇ ಅದರ ಪೂರ್ಣ ಪ್ರಯೋಜನ ದೊರೆಯುವುದು.

ಕಾಲದ ಅಳತೆ

ಬಂಡೆಯ ಎದುರು ನಿಂತು ಕೂಗಿದರೆ ಕೂಗು ಮರಳಿ ಬರುತ್ತದೆ. ಕೂಗಿಗೂ ಪ್ರತಿಧ್ವನಿಗೂ ನಡುವಿನ ಕಾಲವನ್ನು ಅಳೆದರೆ ಬಂಡೆಯ ದೂರ ತಿಳಿಯುತ್ತದೆ. ಮೀನುಶೋಧಕ ಮಾಡುವುದು ಇಷ್ಟನ್ನೇ. ದೋಣಿಯ ಅಡಿಯಿಂದ ಅದು ಕೆಳಮುಖವಾಗಿ ಒಂದು ಕ್ಷಣಿಕ ಶಬ್ದವನ್ನು ಕಳುಹಿಸಿ, ಮರಳುವ ಧ್ವನಿಗಾಗಿ ಕಾಯುತ್ತದೆ. ಸೂತ್ರ ಸರಳವಾದುದು: ಆಳ = ವೇಗ × ಕಾಲ ÷ ೨. ಶಬ್ದ ಹೋಗಿ ಬರುವುದರಿಂದ ಎರಡರಿಂದ ಭಾಗಿಸಬೇಕು. ಪ್ರತಿಧ್ವನಿ ೦.೦೪ ಸೆಕೆಂಡಿನಲ್ಲಿ ಬಂದರೆ ಶಬ್ದ ೬೦ ಮೀಟರು ಸಾಗಿದೆ. ತಳ ೩೦ ಮೀಟರು ಕೆಳಗಿದೆ. ಅದಕ್ಕೂ ಮೊದಲು, ೦.೦೨೮ ಸೆಕೆಂಡಿಗೆ, ಇನ್ನೊಂದು ಕ್ಷೀಣ ಧ್ವನಿ ಬಂದಿದ್ದರೆ ೨೧ ಮೀಟರು ಆಳದಲ್ಲಿ ಏನೋ ಇದೆಯೆಂದಾಯಿತು.

ಇಷ್ಟು ಚುರುಕಾಗಿ ಕೂಗುವ ಹಾಗೂ ಕೇಳುವ ಸಾಧನ ಯಾವುದು? ಕ್ವಾರ್ಟ್ಸ್ ಮೊದಲಾದ ಕೆಲವು ಹರಳುಗಳನ್ನು ಅದುಮಿದರೆ ಅವುಗಳ ಮುಖಗಳ ಮೇಲೆ ವಿದ್ಯುದಾವೇಶ ಉಂಟಾಗುವುದೆಂಬುದನ್ನು ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ೧೮೮೦ರಲ್ಲಿ ಕಂಡುಕೊಂಡರು. ಇದರ ವಿಲೋಮವೂ ನಿಜ: ವಿದ್ಯುತ್ತನ್ನು ಪ್ರಯೋಗಿಸಿದರೆ ಹರಳು ಕಂಪಿಸುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವ್ಯಾಂ ಈ ಗುಣವನ್ನು ಜಲಾಂತರ್ಗಾಮಿಗಳ ಶೋಧನೆಗೆ ಬಳಸಿದನು. ಇಂದಿನ ಮೀನುಶೋಧಕದಲ್ಲಿ ಹರಳಿಗೆ ಬದಲು ಇದೇ ಗುಣವುಳ್ಳ ಪಿಂಗಾಣಿ ಜಾತಿಯ ಬಿಲ್ಲೆಯಿರುತ್ತದೆ. ಕೂಗುವ ಬಾಯಿಯೂ ಅದೇ, ಕೇಳುವ ಕಿವಿಯೂ ಅದೇ. ಅದರ ಕಂಪನಗಳು ಸಾಮಾನ್ಯವಾಗಿ ಸೆಕೆಂಡಿಗೆ ೫೦,೦೦೦ ಅಥವಾ ೨,೦೦,೦೦೦. ನಮ್ಮ ಕಿವಿಯ ಮಿತಿ ಸುಮಾರು ೨೦,೦೦೦ ಆದುದರಿಂದ ಈ ಕೂಗು ನಮಗೆ ಕೇಳಿಸದು.

ಮೀನಿನೊಳಗಿನ ಗಾಳಿ

ತಳದ ಕಲ್ಲು ಶಬ್ದವನ್ನು ಹಿಂತಿರುಗಿಸುವುದು ಸಹಜ. ಮೆತ್ತಗಿನ ಮೀನು ಏಕೆ ಹಿಂತಿರುಗಿಸಬೇಕು? ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೋಗುವಾಗ ಶಬ್ದ ಎಷ್ಟು ಪ್ರತಿಫಲನಗೊಳ್ಳುವುದೆಂಬುದು ಎರಡೂ ಮಾಧ್ಯಮಗಳ ಸಾಂದ್ರತೆ ಮತ್ತು ಶಬ್ದವೇಗಗಳ ಗುಣಲಬ್ಧವನ್ನು ಅವಲಂಬಿಸಿದೆ. ಈ ಗುಣಲಬ್ಧಗಳಲ್ಲಿ ಅಂತರ ಹೆಚ್ಚಿದ್ದಷ್ಟೂ ಪ್ರತಿಫಲನ ಹೆಚ್ಚು. ಮೀನಿನ ಮಾಂಸಕ್ಕೂ ನೀರಿಗೂ ಈ ವಿಷಯದಲ್ಲಿ ಅಂತರ ಅತ್ಯಲ್ಪ. ಶಬ್ದ ಮಾಂಸದ ಮೂಲಕ ಬಹುಮಟ್ಟಿಗೆ ಹಾದುಹೋಗುತ್ತದೆ. ಆದರೆ ಅನೇಕ ಮೀನುಗಳ ಒಡಲಿನಲ್ಲಿ ತೇಲಲು ನೆರವಾಗುವ ಒಂದು ಗಾಳಿಚೀಲವಿದೆ. ನೀರು ಗಾಳಿಗಿಂತ ಸುಮಾರು ೮೦೦ ಮಡಿ ಸಾಂದ್ರ; ಅದರಲ್ಲಿ ಶಬ್ದದ ವೇಗ ನಾಲ್ಕು ಮಡಿಗೂ ಹೆಚ್ಚು. ಗುಣಲಬ್ಧದ ವ್ಯತ್ಯಾಸ ಮೂರು ಸಾವಿರ ಮಡಿಗೂ ಮಿಗಿಲಾಯಿತು! ಗಾಳಿಚೀಲವುಳ್ಳ ಮೀನಿನಿಂದ ಮರಳುವ ಶಬ್ದಶಕ್ತಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಈ ಚೀಲದಿಂದಲೇ ಬರುತ್ತದೆ. ಯಂತ್ರ ಕೇಳುವುದು ಮೀನನ್ನಲ್ಲ, ಮೀನು ಹೊತ್ತ ಗಾಳಿಯನ್ನು.

ಈ ತತ್ತ್ವದಿಂದ ಒಂದು ಫಲ ತಾನಾಗಿ ದೊರೆಯುತ್ತದೆ. ಶಾರ್ಕ್ ಮೀನಿಗೂ ಅಟ್ಲಾಂಟಿಕ್ ಸಾಗರದ ಬಂಗುಡೆಗೂ ಗಾಳಿಚೀಲವಿಲ್ಲ. ಅವುಗಳ ಪ್ರತಿಧ್ವನಿ ಗಾತ್ರಕ್ಕೆ ತಕ್ಕಷ್ಟು ಬಲವಾಗಿರುವುದಿಲ್ಲ. ಗುರುತು ಕ್ಷೀಣವಾಗಿರುವ ಮಾತ್ರಕ್ಕೆ ಮೀನು ಸಣ್ಣದೆಂದು ನಿರ್ಣಯಿಸುವಂತಿಲ್ಲ.

ಈ ಉಪಾಯ ಮೀನುಗಾರಿಕೆಗೆ ಬಂದುದು ಹಡಗುಗಳ ಆಳಮಾಪಕದಿಂದ. ನಾರ್ವೆಯ ಓಸ್ಕರ್ ಸುಂಡ್ ಎಂಬ ವಿಜ್ಞಾನಿ ಲೊಫೊಟೆನ್ ದ್ವೀಪಗಳ ಬಳಿ ಕಾಡ್ ಮೀನಿನ ಗುಂಪುಗಳು ಆಳಮಾಪಕದ ಕಾಗದದ ಮೇಲೆ ಮೂಡಿಸಿದ ಗುರುತುಗಳನ್ನು ೧೯೩೫ರಲ್ಲಿ ಪ್ರಕಟಿಸಿದನು. ಜಪಾನಿನ ಫುರುನೊ ಸಹೋದರರು ೧೯೪೮ರಲ್ಲಿ ಮೀನುಗಾರರ ಬಳಕೆಗೆಂದೇ ಮೀನುಶೋಧಕವನ್ನು ತಯಾರಿಸಿದರು.

ಪರದೆಯನ್ನು ಓದುವ ಬಗೆ

ಪರದೆಯನ್ನು ಮೊದಲ ಬಾರಿಗೆ ನೋಡುವವನು ಅದನ್ನು ಕಡಲಿನ ಚಿತ್ರವೆಂದು ಭಾವಿಸುತ್ತಾನೆ. ಎಡಗಡೆಯ ಗುರುತನ್ನು ಕಂಡು ಮೀನು ದೋಣಿಯ ಎಡಕ್ಕಿದೆ ಎನ್ನುತ್ತಾನೆ. ಇದು ತಪ್ಪು. ಮೇಲಿನಿಂದ ಕೆಳಕ್ಕೆ ಇರುವುದು ಆಳ ನಿಜ. ಅಡ್ಡಲಾಗಿ ಇರುವುದು ದೂರವಲ್ಲ, ಕಾಲ. ಬಲ ಅಂಚಿನ ಒಂದು ಗೆರೆ ಮಾತ್ರ ಈ ಕ್ಷಣದ್ದು. ಹೊಸ ಗೆರೆ ಬಂದಂತೆ ಹಳೆಯವು ಎಡಕ್ಕೆ ಸರಿಯುತ್ತವೆ. ಎಡದಲ್ಲಿ ಕಾಣುವ ಗುಂಪು ದೋಣಿ ಆಗಲೇ ದಾಟಿಬಂದದ್ದು. ಅದು ಬೇಕಾದರೆ ದೋಣಿಯನ್ನು ಹಿಂದಕ್ಕೆ ತಿರುಗಿಸಬೇಕು.

ಶಬ್ದ ಕೆಳಗಿಳಿಯುವಾಗ ಶಂಕುವಿನಂತೆ ಅಗಲವಾಗುತ್ತದೆ. ಶಂಕುವಿನ ಕೋನ ೨೦ ಡಿಗ್ರಿ ಎನ್ನೋಣ. ೧೦ ಮೀಟರು ಆಳದಲ್ಲಿ ಅದರ ವ್ಯಾಸ ೩.೫ ಮೀಟರು, ೩೦ ಮೀಟರಿನಲ್ಲಿ ಸುಮಾರು ೧೦.೬ ಮೀಟರು. ೨೦ ಮೀಟರು ಆಳದಲ್ಲಿ ನಿಂತ ಮೀನಿನ ಮೇಲೆ ದೋಣಿ ಸಾಗಿದಾಗ, ಶಂಕುವಿನ ಅಂಚಿನಲ್ಲಿ ಮೀನಿನ ಓರೆದೂರ ೨೦.೩ ಮೀಟರು, ನಡುವೆ ೨೦, ಮತ್ತೊಂದು ಅಂಚಿನಲ್ಲಿ ಪುನಃ ೨೦.೩. ಹೀಗಾಗಿ ಪರದೆಯ ಮೇಲೆ ಒಂದು ಕಮಾನು ಮೂಡುತ್ತದೆ. ಈ ಕಮಾನು ಮೀನಿನ ಆಕಾರವಲ್ಲ, ಅದರ ಉದ್ದ ಮೀನಿನ ಉದ್ದವೂ ಅಲ್ಲ. ದೋಣಿಯೂ ಮೀನೂ ನಿಶ್ಚಲವಾಗಿದ್ದರೆ ಪುಟ್ಟ ಮೀನೂ ಪರದೆಯ ಉದ್ದಕ್ಕೂ ಗೆರೆ ಎಳೆದೀತು!

ಇದೇ ರೇಖಾಗಣಿತ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ತಳ ೩೦ ಮೀಟರು ಕೆಳಗಿದೆ; ಶಂಕುವಿನ ಅಂಚಿನಲ್ಲಿ, ತಳದಿಂದ ೩೦ ಸೆಂಟಿಮೀಟರು ಮೇಲೆ ಒಂದು ಮೀನಿದೆ. ಅದರ ಓರೆದೂರ ಸುಮಾರು ೩೦.೨ ಮೀಟರು. ನೇರ ಕೆಳಗಿನ ತಳದ ಪ್ರತಿಧ್ವನಿ ಅದಕ್ಕಿಂತ ಮೊದಲೇ ಬಂದು ಮೀನಿನ ಧ್ವನಿಯನ್ನು ಮುಚ್ಚಿಬಿಡುತ್ತದೆ. ತಳಕ್ಕಂಟಿ ಮಲಗುವ ನಂಗಿನಂಥ ಮೀನನ್ನು ಈ ಯಂತ್ರ ಕಾಣದಿರುವುದು ಇದರಿಂದಲೇ. ಪರದೆ ಬರಿದಾಗಿದೆ ಎಂದರೆ ಕಡಲು ಬರಿದಾಗಿದೆ ಎಂದು ಅರ್ಥವಲ್ಲ.

ಕಂಪನಗಳ ಆಯ್ಕೆಯೂ ವಿವೇಚನೆಯ ವಿಷಯ. ೨,೦೦,೦೦೦ ಕಂಪನಗಳ ಶಬ್ದದ ತರಂಗಾಂತರ ೭.೫ ಮಿಲಿಮೀಟರು; ಅದು ಹತ್ತಿರ ಹತ್ತಿರದ ಮೀನುಗಳನ್ನು ಬಿಡಿಸಿ ತೋರಿಸಬಲ್ಲುದು, ಆದರೆ ನೀರು ಅದನ್ನು ಬೇಗ ಹೀರಿಕೊಳ್ಳುತ್ತದೆ. ೫೦,೦೦೦ ಕಂಪನಗಳದು ೩ ಸೆಂಟಿಮೀಟರು. ಅದು ಹೆಚ್ಚು ಆಳಕ್ಕೆ ಹೋಗುತ್ತದೆ, ಸೂಕ್ಷ್ಮ ವಿವರಗಳನ್ನು ಬಿಡುತ್ತದೆ. ದಡದ ಸಮೀಪದ ಸಣ್ಣ ದೋಣಿಗೆ ಮೊದಲಿನದೇ ಸಾಮಾನ್ಯವಾಗಿ ತಕ್ಕುದು.

ಬಿಲ್ಲೆಯನ್ನು ಎಲ್ಲಿ ಜೋಡಿಸಬೇಕು? ಎಂಜಿನ್ನಿನ ಪಂಖ ನೀರಿನಲ್ಲಿ ಗುಳ್ಳೆಗಳ ಮೋಡವನ್ನೇ ಎಬ್ಬಿಸುತ್ತದೆ. ಗುಳ್ಳೆಯೂ ಗಾಳಿಯೇ. ಮೀನಿನ ಸುಳಿವು ಕೊಡುವ ಗಾಳಿಯೇ ಇಲ್ಲಿ ಶಬ್ದಕ್ಕೆ ಅಡ್ಡ ನಿಂತು ಪರದೆಯನ್ನು ಮಸಕುಗೊಳಿಸುತ್ತದೆ. ಆದುದರಿಂದ ಬಿಲ್ಲೆ ಪಂಖದಿಂದ ದೂರವಾಗಿ, ದೋಣಿ ಓಲಾಡಿದರೂ ನೀರಿನಿಂದ ಮೇಲೇಳದ ಕಡೆ, ನೇರ ಕೆಳಮುಖವಾಗಿರಬೇಕು.

ಕೊನೆಗೆ ಓದುಗರಿಗೆ ಒಂದು ಲೆಕ್ಕ. ಯಂತ್ರ ಶಬ್ದವೇಗವನ್ನು ೧,೫೦೦ ಮೀಟರು ಎಂದೆಣಿಸಿ ಆಳ ೩೦ ಮೀಟರು ಎಂದು ತೋರಿಸಿತು. ೨೮ ಡಿಗ್ರಿ ಸೆಂಟಿಗ್ರೇಡಿನ ಕಡಲ ನೀರಿನಲ್ಲಿ ನಿಜವಾದ ವೇಗ ಸುಮಾರು ೧,೫೪೦. ನಿಜವಾದ ಆಳವೆಷ್ಟು? ೩೦.೮ ಮೀಟರು ಎಂಬ ಉತ್ತರ ಬಂದರೆ ತತ್ತ್ವ ಮನಸ್ಸಿಗೆ ಹತ್ತಿದೆಯೆಂದು ತಿಳಿಯಬಹುದು.

ಲೆಕ್ಕಕ್ಕೆ ಸಿಗದ ಪ್ರಶ್ನೆಯೊಂದು ಉಳಿಯುತ್ತದೆ. ದಟ್ಟವಾದ ಗುಂಪು ಪರದೆಯ ಮೇಲೆ ಒಂದು ಮೋಡದಂತೆ ಮೂಡುತ್ತದೆ. ಅದು ಬಲಿತ ಬೂತಾಯಿಯದೋ ಇನ್ನೂ ಮೊಟ್ಟೆಯಿಡದ ಮರಿಗಳದೋ ಎಂಬುದನ್ನು ಸಣ್ಣ ದೋಣಿಯ ಸಾಮಾನ್ಯ ಯಂತ್ರ ಹೇಳಲಾರದು. ಮರಿಗಳನ್ನು ಬಳಿದು ತಂದರೆ ಮುಂದಿನ ವರ್ಷದ ಪರದೆಯಲ್ಲಿ ಮೋಡವೇ ಮೂಡದಿರಬಹುದು. ಗಾಳಿ ಎಷ್ಟು ಆಳದಲ್ಲಿದೆ ಎಂಬಷ್ಟನ್ನು ಯಂತ್ರ ತಿಳಿಸುತ್ತದೆ; ಬಲೆಯ ಕಣ್ಣು ಎಷ್ಟು ಅಗಲವಿರಬೇಕು, ಬಲೆ ಬಿಡಬೇಕೋ ಬೇಡವೋ ಎಂಬುದನ್ನು ದೋಣಿಯಲ್ಲಿರುವವನೇ ನಿರ್ಧರಿಸಬೇಕು.