ಜೀಪಿನ ಆಸೆ, ಬೆನ್ನಿನ ಮಾತು

ಪ್ರಶ್ನೆ: ನನಗೆ 54, ನಮ್ಮ ಯಜಮಾನರಿಗೆ 59. ಬಸವನಗುಡಿಯ ಎನ್.ಆರ್. ಕಾಲೊನಿಯಲ್ಲಿ ಮಾವನವರು ಕಟ್ಟಿಸಿದ ಹಳೇ ಮನೆ. ಮಗಳು ಮದುವೆಯಾಗಿ ಪುಣೆಯಲ್ಲಿದ್ದಾಳೆ. ಯಜಮಾನರು ಸದ್ಯದಲ್ಲೇ ನಿವೃತ್ತರಾಗುತ್ತಾರೆ. ಆಮೇಲೆ ತಿಂಗಳಿಗೊಮ್ಮೆ ಮಲೆನಾಡಿಗೆ ಹೋಗಿ, ಟೆಂಟ್ ಹಾಕಿಕೊಂಡು ಎರಡು ದಿನ ಇದ್ದು ಬರಬೇಕು ಅನ್ನುವುದು ಇಬ್ಬರ ಆಸೆಯೂ ಹೌದು. ಆದರೆ ಎರಡು ವರ್ಷದ ಹಿಂದೆ ಅವರಿಗೆ ಸೊಂಟದ ಡಿಸ್ಕ್ ಆಪರೇಷನ್ ಆಗಿದೆ. ಅವರ ಮನಸ್ಸೆಲ್ಲ ಥಾರ್ ರಾಕ್ಸ್ ಮೇಲೆ. ಮಾವನವರು ಪಿ.ಡಬ್ಲ್ಯು.ಡಿ.ಯಲ್ಲಿದ್ದವರು, ಇವರು ಚಿಕ್ಕಂದಿನಲ್ಲಿ ಅವರ ಜೀಪಿನಲ್ಲಿ ಕೂತು ಮಲೆನಾಡು ಸುತ್ತಿದ್ದಾರಂತೆ. ಈಗ ಕಾರು ಓಡಿಸುವವಳು ನಾನು. ನಮ್ಮ ಗೇಟು ಏಳಡಿ ಅಗಲ. ಆ ಗಾಡಿ ಬೇಡ ಅಂದರೆ ‘ನನ್ನನ್ನು ರೋಗಿ ಮಾಡಿ ಕೂರಿಸ್ತೀಯ’ ಅಂತಾರೆ. ಯಾವ ಗಾಡಿ ತಗೊಳ್ಳಲಿ? ಅವರಿಗೆ ಹೇಗೆ ಹೇಳಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಸೋದರಿ, ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ನಮ್ಮಣ್ಣನ ಕೈ ಕಣ್ಣ ಮುಂದೆ ಬಂತು. ಅವನಿಗೂ ಬೆನ್ನಿನ ಆಪರೇಷನ್ ಆಗಿತ್ತು. ಆದರೂ ಕೊಡಚಾದ್ರಿಗೆ ಬಂದೇ ಬರುತ್ತೇನೆ ಅಂತ ಹಟ ಹಿಡಿದ. ಬೆಟ್ಟ ಹತ್ತಲು ಬಾಡಿಗೆ ಜೀಪು. ನಾನು ಡ್ರೈವರ್ ಪಕ್ಕ ಕೂತೆ, ಅವನನ್ನು ಹಿಂದಿನ ಅಡ್ಡ ಬೆಂಚಿನ ಮೇಲೆ ಕೂರಿಸಿದೆ. ಆ ತಪ್ಪು ನನ್ನದು. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಮೇಲಿನ ಕಂಬಿ ಹಿಡಿದಿದ್ದ ಅವನ ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ಮೈಭಾರವನ್ನೆಲ್ಲ ತೋಳಿನ ಮೇಲೆ ಹಾಕಿ, ಸೀಟಿನಿಂದ ಎರಡು ಬೆರಳಷ್ಟು ಮೇಲೆದ್ದು ಕೂತಿದ್ದ. ‘ಸರಿ ಇದೀಯಾ ಅಣ್ಣಾ?’ ಅಂದೆ. ‘ಏನಿಲ್ಲ, ನಡಿ’ ಅಂದ. ವಾಪಸು ಇಳಿದ ಮೇಲೆ ಯಾರದೋ ಮನೆಯ ಜಗಲಿಯಲ್ಲಿ ಒಂದು ಗಂಟೆ ಅಂಗಾತ ಮಲಗಿದ. ‘ನಿಲ್ಲಿಸು ಅನ್ನಬಾರದಿತ್ತಾ?’ ಅಂತ ಕೇಳಿದ್ದಕ್ಕೆ, ‘ಅಂದಿದ್ದರೆ ಇನ್ನೊಂದು ಸಲ ನೀನು ನನ್ನ ಕರೀತಿರಲಿಲ್ಲ’ ಅಂದ.

ಅವತ್ತಿನಿಂದ ಸುಖದ ಗಾಡಿ ಅಂದರೆ ನನಗೆ ಇಷ್ಟೇ: ನೋವಿರುವವರು ನೋವನ್ನು ಮುಚ್ಚಿಡಬೇಕಾಗಿ ಬಾರದ ಗಾಡಿ. ನಿಮಗೂ ಅಂಥದ್ದನ್ನೇ ಹುಡುಕೋಣ.

ಮೊದಲು ಆಪರೇಷನ್ ಮಾಡಿದ ವೈದ್ಯರ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ. ಒಂದೇ ಸಮ ಎಷ್ಟು ಹೊತ್ತು ಕೂರಬಹುದು, ಎಷ್ಟು ಭಾರ ಎತ್ತಬಹುದು, ನೆಲದ ಮೇಲೆ ಮಲಗಿ ಏಳಬಹುದೇ, ಈ ಮೂರನ್ನು ಕೇಳಿ. ಅವರ ಒಪ್ಪಿಗೆ ಇಲ್ಲದಿದ್ದರೆ ನಾನು ಮುಂದೆ ಬರೆದಿರುವುದು ಯಾವುದೂ ನಿಮಗಲ್ಲ. ಪ್ರವಾಸದಲ್ಲಿ ಕಾಲಿನ ಬಲ ತಟ್ಟನೆ ಕುಂದಿದರೆ, ಒಳತೊಡೆಯ ಭಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಬೆಳಗಾಗಲಿ ಅಂತ ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಸಕಲೇಶಪುರದ ಕಡೆ ಇದ್ದರೆ ಹಾಸನಕ್ಕೆ.

ಇನ್ನು ದಾರಿಯ ಲೆಕ್ಕ. ನಿಮ್ಮ ಮನೆಯಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಅಷ್ಟೂ ಡಾಂಬರು. ಅಲ್ಲಿಂದ ಯಾರದೋ ತೋಟಕ್ಕೆ ಹೋಗುವ ಮಣ್ಣುದಾರಿ ಐದೋ ಹತ್ತೋ ಕಿ.ಮೀ. ಹೋಗಿ ಬರುವುದು ಸೇರಿ ಹತ್ತಿರ ಹತ್ತಿರ 460 ಕಿ.ಮೀ. ಆದರೆ, ಒರಟು ದಾರಿ ಅದರಲ್ಲಿ ಹೆಚ್ಚೆಂದರೆ ಇಪ್ಪತ್ತು. ಆ ಇಪ್ಪತ್ತಕ್ಕಾಗಿ ಉಳಿದ 440ರಲ್ಲಿ ಅವರ ಬೆನ್ನು ದಣಿಯಬಾರದು.

ಬೆನ್ನಿನ ಪೆಟ್ಟು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಾದರೆ ಗಾಡಿ ಆರಿಸುವುದು ಸುಲಭ. ಎತ್ತಿನ ಗಾಡಿ ನೆನಪಿಸಿಕೊಳ್ಳಿ. ಎರಡು ಚಕ್ರಕ್ಕೂ ಒಂದೇ ಅಚ್ಚು. ಒಂದು ಚಕ್ರ ಗುಂಡಿಗೆ ಇಳಿದರೆ ಇಡೀ ಗಾಡಿ ವಾಲುತ್ತದೆ, ಮೇಲೆ ಕೂತವರ ತಲೆ ಅತ್ತಿಂದಿತ್ತ ಹೋಗುತ್ತದೆ. ಜೀಪಿನ ಜಾತಿಯ ಗಾಡಿಗಳಲ್ಲಿ ಈಗಲೂ ಕನಿಷ್ಠ ಹಿಂದಿನ ಚಕ್ರಗಳಿಗೆ ಇಂಥ ಗಟ್ಟಿ ಆಕ್ಸಲ್ ಇರುತ್ತದೆ. ಬಂಡೆ ಹತ್ತುವಾಗ ಚಕ್ರ ನೆಲ ಬಿಡದಿರಲು ಅದು ಒಳ್ಳೆಯದು, ಗಟ್ಟಿಮುಟ್ಟೂ ಹೌದು. ಆದರೆ ಆಪರೇಷನ್ ಆದ ಸೊಂಟಕ್ಕೆ ಮೇಲೆ ಕೆಳಗೆ ಕುಲುಕುವುದಕ್ಕಿಂತ ಈ ಅಡ್ಡಡ್ಡ ಎಸೆತವೇ ಹೆಚ್ಚು ಕಾಡುವುದನ್ನು ನಾನು ಕಂಡಿದ್ದೇನೆ. ನಮ್ಮಣ್ಣ ಕಂಬಿ ಹಿಡಿದು ಎದ್ದಿದ್ದು ಅದನ್ನು ತಡೆಯಲಿಕ್ಕೇ. ಹಿಂದಿನ ಆಕ್ಸಲ್ ಮೇಲೆ ಕೂತವರಿಗೆ ಪೆಟ್ಟು ಹೆಚ್ಚು. ಆದ್ದರಿಂದ ಯಾವ ಗಾಡಿ ಕೊಂಡರೂ ನಿಮ್ಮ ಯಜಮಾನರು ಕೂರಬೇಕಾದ್ದು ಮುಂದೆಯೇ.

ಈಗ ರಾಕ್ಸ್. 2024ರ ಆಗಸ್ಟ್ 15ರಂದು ಬಂದ ಐದು ಬಾಗಿಲಿನ ಈ ಥಾರ್ ಮೂರು ಬಾಗಿಲಿನದಕ್ಕಿಂತ ಎಷ್ಟೋ ವಾಸಿ. ಅಚ್ಚಿನಿಂದ ಅಚ್ಚಿಗೆ 2850 ಮಿ.ಮೀ. ಉದ್ದ ಇರುವುದರಿಂದ ಹೈವೇಯಲ್ಲಿ ನಿಲುವು ಚೆನ್ನ, ಜಾಗವೂ ಧಾರಾಳ. ಆದರೆ ಗುಂಡಿ ಬಿದ್ದ ದಾರಿಯಲ್ಲಿ ನಿಧಾನ ಹೋಗುವಾಗ ಮೈಯನ್ನು ಎಡಕ್ಕೂ ಬಲಕ್ಕೂ ದೂಡುತ್ತದೆ. ಒಳಗೆ ಹತ್ತುವುದೂ ಎತ್ತರ. ಬೆನ್ನು ಸರಿಯಿಲ್ಲದವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಒಂದು ಕಾಲು ಗಾಳಿಯಲ್ಲಿ ನೆಲ ಹುಡುಕುವ ಹೊತ್ತಿಗೆ ಸೊಂಟ ತಿರುಚಿಕೊಳ್ಳುತ್ತದೆ. ಇನ್ನೊಂದು ಮಾತು: ಫೋರ್ ಬೈ ಫೋರ್ ಬೇಕೆಂದೇ ಇದನ್ನು ಕೊಳ್ಳುವುದಾದರೆ ಪೆಟ್ರೋಲ್ ಮಾದರಿ ಬುಕ್ ಮಾಡಬೇಡಿ. ಅದರಲ್ಲಿ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಫೋರ್ ಬೈ ಫೋರ್ ಬಂದಿರುವುದು ಡೀಸೆಲ್‌ನಲ್ಲಿ.

ಮಾರುತಿ ಜಿಮ್ನಿ ನಿಮ್ಮ ಬೀದಿಗೆ ಹೇಳಿ ಮಾಡಿಸಿದ ಹಾಗಿದೆ. ಹಗುರ, ಪುಟ್ಟದು, ಕೆಸರಿನಲ್ಲಿ ನಂಬಿಕಸ್ಥ. ಕಡಿದಾದ ಏರಿನಲ್ಲಿ ನಿಧಾನವಾಗಿ, ಬಲವಾಗಿ ಎಳೆಯುವ ಲೋ ರೇಂಜ್ ಗೇರೂ ಉಂಟು. ಡಿಕ್ಕಿ ಬರೀ 208 ಲೀಟರ್, ಆದರೆ ನೀವಿಬ್ಬರೇ ಆದ್ದರಿಂದ ಹಿಂದಿನ ಸೀಟು ಮಡಚಿದರೆ ಸಾಮಾನಿಗೆ ಕೊರತೆಯಿಲ್ಲ. ಅದರ ತೊಡಕು ಒಂದೇ, ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್. ಎತ್ತಿನ ಗಾಡಿಯ ವಾಲಾಟ ಇದರಲ್ಲಿ ಎರಡು ಪಟ್ಟು.

ಹಳೇ ರೆನೋ ಡಸ್ಟರ್‌ನ ಆಲ್ ವೀಲ್ ಡ್ರೈವ್ ಮಾದರಿಯನ್ನು ಯಾರಾದರೂ ಸೂಚಿಸಿಯಾರು. 2014ರಲ್ಲಿ ಬಂದ ಆ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್. ಕೆಟ್ಟ ರಸ್ತೆಯಲ್ಲಿ ಅಷ್ಟು ಮೆತ್ತಗೆ ತೇಲಿಕೊಂಡು ಹೋಗುವ ಇನ್ನೊಂದು ಗಾಡಿಯನ್ನು ಆ ಬೆಲೆಗೆ ನಾನು ನೋಡಿಲ್ಲ. ಆದರೂ ವಯಸ್ಸಾದ ಡೀಸೆಲ್ ಗಾಡಿ ಬಿಸಲೆ ಘಾಟಿಯಲ್ಲಿ ಸಂಜೆ ಹೊತ್ತು ಕೈಕೊಟ್ಟರೆ ನೀವಿಬ್ಬರೇ ಏನು ಮಾಡುತ್ತೀರಿ? ಬೇಡ.

ನನ್ನ ಮತ ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್ ಮಾದರಿಗೆ. ಟೊಯೊಟಾ ಹೈರೈಡರ್ ಅದರ ಜೋಡಿ. ಇದು ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿಯಲ್ಲ, ಕಾರಿನ ಹಾಗೆ ಒಂದೇ ಚಿಪ್ಪು. ಮುಂದಿನ ಚಕ್ರಗಳು ಒಂದರ ಪಾಡಿಗೆ ಒಂದು ಏರಿ ಇಳಿಯುತ್ತವೆ. ಸೀಟಿನ ಎತ್ತರ ಹತ್ತಿರ ಹತ್ತಿರ ಸೊಂಟದ ಮಟ್ಟ, ಹಿಂದಕ್ಕೆ ಒರಗಿ ಕೂತು ಎರಡೂ ಕಾಲನ್ನು ಒಟ್ಟಿಗೆ ಒಳಗೆ ತೆಗೆದುಕೊಳ್ಳಬಹುದು. ನೆಲದಿಂದ 210 ಮಿ.ಮೀ. ಎತ್ತರ ಇರುವುದರಿಂದ ತೋಟದ ದಾರಿಯ ಕಲ್ಲು ತಳಕ್ಕೆ ತಾಗುವ ಭಯ ಕಡಿಮೆ. ಮಳೆ ಬಿದ್ದ ಕೆಮ್ಮಣ್ಣಿನ ಏರಿನಲ್ಲಿ ನಾಲ್ಕು ಚಕ್ರದ ಬಲ ಸಿಗುತ್ತದೆ. ಲೋ ರೇಂಜ್ ಮಾತ್ರ ಇಲ್ಲ, ಬಂಡೆಗಳ ಮೇಲೆ ಹತ್ತಿಸಲು ಹೋಗಬೇಡಿ. ಅಂಥ ಜಾಗ ಬಂದರೆ ಮಲೆನಾಡಿನಲ್ಲಿ ತೋಟದ ಜೀಪು ಸಿಕ್ಕೇ ಸಿಗುತ್ತದೆ. ನಿಮ್ಮ ಸಾಮಾನು ಜೀಪಿನಲ್ಲಿ ಹೋಗಲಿ, ನೀವಿಬ್ಬರೂ ಕೈ ಕೈ ಹಿಡಿದು ನಡೆದು ಹೋಗಿ.

ಗೇಟಿನ ಲೆಕ್ಕವನ್ನೂ ನೋಡಿಬಿಡೋಣ. ಏಳಡಿ ಅಂದರೆ 2134 ಮಿ.ಮೀ. ಕನ್ನಡಿ ಬಿಟ್ಟು ರಾಕ್ಸ್ ಅಗಲ 1870, ವಿಟಾರಾ 1795, ಜಿಮ್ನಿ 1645. ಕನ್ನಡಿ ಮಡಚಿಕೊಂಡರೆ ರಾಕ್ಸ್‌ಗೆ ಒಂದೊಂದು ಪಕ್ಕ 13 ಸೆಂ.ಮೀ. ಉಳಿಯುತ್ತದೆ, ವಿಟಾರಾಗೆ 17, ಜಿಮ್ನಿಗೆ 24. ಎನ್.ಆರ್. ಕಾಲೊನಿಯ ಅಡ್ಡರಸ್ತೆಯಲ್ಲಿ ಎದುರು ಮನೆಯವರ ಕಾರು ನಿಂತಿರುವಾಗ ನೇರವಾಗಿ ಗೇಟಿಗೆ ತಿರುಗಿಸಲು ಬರುವುದಿಲ್ಲ, ಓರೆಯಾಗಿಯೇ ಒಳಗೆ ಹೋಗಬೇಕು. ಒಳಗೆ ಹೋದ ಮೇಲೆ ಬಾಗಿಲು ಪೂರ್ತಿ ತೆರೆಯುತ್ತದೆಯೇ ಅಂತಲೂ ಅಳೆಯಿರಿ. ಗೋಡೆಗೂ ಬಾಗಿಲಿಗೂ ನಡುವೆ ನುಸುಳಿಕೊಂಡು ಇಳಿಯುವುದು ಅವರ ಸೊಂಟಕ್ಕೆ ಒಳ್ಳೆಯದಲ್ಲ. ಗೇಟಿನ ಹೊರಗೇ ಇಳಿಸಿಬಿಡಿ.

ಗಾಡಿ ಯಾವುದೇ ಆಗಲಿ, ಮಣ್ಣುದಾರಿ ಶುರುವಾಗುವಲ್ಲಿ ಟೈರಿನ ಗಾಳಿ ಇಳಿಸಿ. 33 ಇದ್ದದ್ದನ್ನು 24ರ ಹತ್ತಿರಕ್ಕೆ ತಂದು ನಿಧಾನ ಹೋದರೆ ಅದೇ ಗಾಡಿ ಬೇರೆ ಗಾಡಿಯಾಗುತ್ತದೆ. ಸಣ್ಣ ಕಲ್ಲುಗಳನ್ನು ಟೈರೇ ನುಂಗಿಕೊಳ್ಳುತ್ತದೆ. ಡಾಂಬರಿಗೆ ಬರುವ ಮುಂಚೆ ತಪ್ಪದೆ ಮತ್ತೆ ತುಂಬಿಸಬೇಕು. ಅದಕ್ಕೆ ಕಾರಿನ 12 ವೋಲ್ಟ್ ಸಾಕೆಟ್‌ಗೆ ಹಾಕುವ ಪಂಪು, ಗಾಳಿ ನೋಡುವ ಗೇಜು ಎರಡೂ ಇರಲಿ. ಜೆ.ಸಿ. ರಸ್ತೆಯಲ್ಲಿ ಸೀಟ್ ಕವರ್ ಹಾಕಿಸುವಾಗ ದಪ್ಪ ಸ್ಪಂಜು ಸೇರಿಸಿಕೊಡುತ್ತೇವೆ ಅಂತಾರೆ, ಒಪ್ಪಬೇಡಿ. ಸೀಟಿನ ಆಕಾರ ಕೆಟ್ಟು ಸೊಂಟಕ್ಕೆ ಆಸರೆ ತಪ್ಪುತ್ತದೆ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವ ಯೋಚನೆಯಂತೂ ಬೇಡವೇ ಬೇಡ. ಅದರ ವಿರುದ್ಧ ಕ್ರಮಕ್ಕೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಸೂಚಿಸಿದೆ, ಏರ್‌ಬ್ಯಾಗ್ ಕೆಲಸಕ್ಕೂ ಅಡ್ಡಿ.

ಕಾರಿನ ಮೇಲೆ ಹೊಡೆಯುವ ಟೆಂಟು ನೋಡಲು ಚೆಂದ. ಆದರೆ ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಎದ್ದು, ಇಬ್ಬನಿಗೆ ಒದ್ದೆಯಾದ ಏಣಿ ಇಳಿಯಬೇಕು. ನಿಮಗೆ ಬೇಕಾದ್ದು ಎದ್ದು ನಿಲ್ಲುವಷ್ಟು ಎತ್ತರದ ನೆಲದ ಟೆಂಟು, ಕುರ್ಚಿಯಷ್ಟು ಎತ್ತರದ ಮಡಚುವ ಮಂಚ ಎರಡು. ಕಾರಿಗೆ ಕೊಡುವ ಗಮನದಲ್ಲಿ ಅರ್ಧ ಈ ಮಂಚಕ್ಕೆ ಕೊಟ್ಟರೂ ಬೆಳಿಗ್ಗೆ ಅವರು ನಗುತ್ತ ಏಳುತ್ತಾರೆ.

ಕಾಡಿನಲ್ಲಿ, ಹೊಳೆದಂಡೆಯಲ್ಲಿ ಕಂಡ ಕಂಡಲ್ಲಿ ಟೆಂಟು ಹೊಡೆಯುವಂತಿಲ್ಲ. ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ಹೋಗುವುದು 1972ರ ಕಾಯ್ದೆಯ ಪ್ರಕಾರ ಅಪರಾಧ. ಸಕಲೇಶಪುರ, ಆಲೂರು ಕಡೆ ಕಾಫಿ ತೋಟಗಳೊಳಗೇ ಆನೆ ಓಡಾಡುತ್ತವೆ. ತೋಟದವರು ತೋರಿಸಿದ ಜಾಗದಲ್ಲಿ, ಮನೆಯಂಗಳದ ಹತ್ತಿರವೇ ಇರಿ.

ಇನ್ನು ಅವರಿಗೆ ಹೇಳುವುದು ಹೇಗೆ ಅನ್ನುವುದು. ನೀವು ಹೇಳಲೇಬೇಡಿ. ಬೆನ್ನು ಅವರದು, ಅದೇ ಹೇಳಲಿ. ಎರಡು ದಿನಕ್ಕೆ ರಾಕ್ಸ್ ಬಾಡಿಗೆಗೆ ತನ್ನಿ. ಕರಾರಿನಲ್ಲಿ ಮಣ್ಣುದಾರಿಗೆ ಒಪ್ಪಿಗೆ ಇದೆಯೇ ಅಂತ ಓದಿ ಸಹಿ ಹಾಕಿ. ಕನಕಪುರ ರಸ್ತೆಯಲ್ಲಿ ಸಂಗಮದ ಆಚೆ ಗಾಳಿಬೋರೆಯಲ್ಲಿ ಜಂಗಲ್ ಲಾಡ್ಜಸ್‌ನವರ ಶಿಬಿರ ಇದೆ, ಬೆಂಗಳೂರಿನಿಂದ ಸುಮಾರು 100 ಕಿ.ಮೀ. ಕೊನೆಯ ದಾರಿ ಒರಟು. ಮಲಗಲು ಟೆಂಟಿನೊಳಗೆ ಮಂಚವೇ ಇದೆ. ಶಿಬಿರದ ಪಕ್ಕದ ಹೊಳೆಯಲ್ಲಿ ಸುಳಿಯೂ ಮೊಸಳೆಯೂ ಇರುವುದರಿಂದ ನೀರಿಗೆ ಮಾತ್ರ ಇಳಿಯಬೇಡಿ.

ಹೋಗುವಾಗ ಒಂದು ಕೆಲಸ ಮಾಡಿ. ಮುಕ್ಕಾಲು ಗಂಟೆಗೊಮ್ಮೆ ಗಾಡಿ ನಿಲ್ಲಿಸುವವರು ನೀವಾಗಿ. ನಿಮಗೂ 54. ಸ್ಟೀರಿಂಗ್ ಹಿಡಿದು ಕೂತರೆ ನಿಮಗೂ ಸೊಂಟ ಹಿಡಿಯುತ್ತದೆ, ಮಂಡಿ ನೋಯುತ್ತದೆ. ಅದನ್ನು ಬಾಯಿಬಿಟ್ಟು ಹೇಳಿ. ‘ನಂಗೆ ಸೊಂಟ ಹಿಡ್ಕೊಂಡಿದೆ ಕಣ್ರೀ, ಎರಡು ನಿಮಿಷ ಓಡಾಡೋಣ’ ಅನ್ನಿ. ಮನೆಯಲ್ಲಿ ನೋವಿನ ಮಾತೆಲ್ಲ ಇಷ್ಟು ದಿನ ಅವರೊಬ್ಬರ ಸುತ್ತಲೇ ಇದ್ದಿರಬೇಕು, ‘ರೋಗಿ’ ಅನ್ನುವ ಮಾತು ಅಲ್ಲಿಂದಲೇ ಹುಟ್ಟಿದೆ. ನೀವು ನಿಮ್ಮದನ್ನು ಹೇಳಿದ ದಿನ ಅವರಿಗೂ ತಮ್ಮದನ್ನು ಹೇಳಲು ದಾರಿಯಾಗುತ್ತದೆ. ನಮ್ಮಣ್ಣನಿಗೆ ನಾನು ಆ ದಾರಿ ಮಾಡಿಕೊಟ್ಟಿರಲಿಲ್ಲ.

ಅವರಪ್ಪನ ಜೀಪಿನ ಕತೆಯನ್ನೂ ದಾರಿಯುದ್ದಕ್ಕೂ ಕೇಳಿ. ಎಲ್ಲೆಲ್ಲಿ ಹೋಗಿದ್ದರು, ಯಾವ ಪ್ರವಾಸಿ ಮಂದಿರದಲ್ಲಿ ಉಳಿದಿದ್ದರು, ಊಟಕ್ಕೆ ಏನಿತ್ತು. ಆ ಊರುಗಳನ್ನೆಲ್ಲ ಪಟ್ಟಿ ಮಾಡಿದರೆ ಮುಂದಿನ ಒಂದು ವರ್ಷದ ಪ್ರವಾಸ ಅದರಲ್ಲೇ ಇದೆ. ಅಲ್ಲಿಗೆಲ್ಲ ಹೋಗಲು ಯಾವ ಗಾಡಿಯಾದರೂ ಆದೀತು.

ವಾಪಸು ಬಂದು ನಿಮ್ಮ ಗೇಟಿನ ಮುಂದೆ ನಿಂತಾಗ ಅವರನ್ನು ಇಳಿಸಿ, ಎದುರಿಗೆ ನಿಂತು ಕೈಸನ್ನೆ ಮಾಡಲು ಹೇಳಿ. ಇಳಿಯುವಾಗ ಕೈ ಎಲ್ಲಿ ಹಿಡಿಯುತ್ತಾರೆ, ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ನೋಡಿ. ಇಷ್ಟಾದ ಮೇಲೂ ಬೆನ್ನು ಹಗುರವಾಗಿದೆ, ರಾಕ್ಸೇ ಇರಲಿ ಅಂತ ಅವರು ಮನಸಾರೆ ಹೇಳಿದರೆ ಕೊಂಡುಬಿಡಿ, ನನಗೂ ಸಂತೋಷವೇ. ಏನು ಹೇಳಿದರು ಅನ್ನುವುದನ್ನು ಒಂದು ಸಾಲು ಬರೆದು ತಿಳಿಸಿ.